ಸಹಾಯ ಬೇಕು: ನಿವೃತ್ತಿಯ ನಂತರ ಬದುಕಲು ಎಷ್ಟು ಹಣ ಬೇಕೆಂದು ಲೆಕ್ಕ ಹಾಕುವುದು ಹೇಗೆ?

ನಮಸ್ಕಾರ. ನನಗೀಗ 48 ವರ್ಷ, 60ಕ್ಕೆ ನಿವೃತ್ತಿ. ನಿವೃತ್ತಿ ವೇತನವಿಲ್ಲ, ಉಳಿತಾಯವೇ ಆಸರೆ. ಹದಿನಾಲ್ಕು ತಿಂಗಳಿಂದ ಮನೆಯ ಪ್ರತಿಯೊಂದು ಖರ್ಚನ್ನೂ ಒಂದು ನೋಟ್‌ಪುಸ್ತಕದಲ್ಲಿ ಬರೆದಿಡುತ್ತಿದ್ದೇನೆ. ತಿಂಗಳ ಸರಾಸರಿ ಸಿಕ್ಕಿತು ಎಂದುಕೊಂಡಿದ್ದೆ. ಅಷ್ಟರಲ್ಲಿ ಹಲ್ಲಿನ ಚಿಕಿತ್ಸೆ, ಸೋರುವ ಛಾವಣಿಯ ದುರಸ್ತಿ ಎರಡೂ ಒಂದೇ ತಿಂಗಳಲ್ಲಿ ಬಂದು ಆ ಪುಟ ಮೂರು ತಿಂಗಳ ಖರ್ಚನ್ನು ನುಂಗಿತು. ಇಂಥವನ್ನು ಸರಾಸರಿಯಲ್ಲಿ ಸೇರಿಸಬೇಕೇ, ಬೇರೆ ನಿಧಿ ಇಡಬೇಕೇ?

ಬೆಲೆಗಳು ವರ್ಷಕ್ಕೆ ಶೇ 6ರಷ್ಟು ಏರಿದರೆ 12 ವರ್ಷಗಳಲ್ಲಿ ಖರ್ಚು ದುಪ್ಪಟ್ಟಾಗುತ್ತದೆ. ಅಂದರೆ ನನ್ನ ಲೆಕ್ಕ ಇಂದಿನ ಖರ್ಚಿನಿಂದಲ್ಲ, ಅದರ ಎರಡರಷ್ಟರಿಂದ ಶುರುವಾಗಬೇಕು. ಇದು ಹೊಳೆದ ರಾತ್ರಿ ನಿದ್ದೆ ಬರಲಿಲ್ಲ.

ವಾರ್ಷಿಕ ಖರ್ಚಿನ 25 ಪಟ್ಟು ಕೂಡಿಡಿ ಎಂಬ ಸೂತ್ರ ಓದಿದ್ದೇನೆ. ಕೂಡಿಟ್ಟ ಹಣದಲ್ಲಿ ಮೊದಲ ವರ್ಷ ಶೇ 4ರಷ್ಟು ತೆಗೆದು, ಮುಂದೆ ಹಣದುಬ್ಬರಕ್ಕೆ ತಕ್ಕಂತೆ ಹೆಚ್ಚಿಸುತ್ತಾ ಹೋಗುವುದು. ಆದರೆ 1994ರಲ್ಲಿ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಇದನ್ನು ಪರೀಕ್ಷಿಸಿದ್ದು ಅಮೆರಿಕದ ಮಾರುಕಟ್ಟೆಯ ಅಂಕಿಗಳ ಮೇಲೆ, ಸುಮಾರು 30 ವರ್ಷಗಳ ಅವಧಿಗೆ. ನನ್ನ ಹೆಂಡತಿ ನನಗಿಂತ ಆರು ವರ್ಷ ಚಿಕ್ಕವಳು. ಅವಳು 90 ದಾಟಿದರೆ ಹಣ 36 ವರ್ಷಕ್ಕಿಂತ ಹೆಚ್ಚು ಬಾಳಬೇಕು. ಕೊನೆಯ ವರ್ಷಗಳಲ್ಲಿ ಅವಳು ಯಾರ ಮುಂದೆಯೂ ಕೈಚಾಚುವಂತಾಗಬಾರದು, ನನಗೆ ಅದೇ ಮುಖ್ಯ. ಮೊದಲ ವರ್ಷ ಶೇ 3 ಮಾತ್ರ ತೆಗೆಯುವುದು ಎಂದುಕೊಂಡರೆ ವಾರ್ಷಿಕ ಖರ್ಚಿನ 33 ಪಟ್ಟು ಬೇಕಾಗುತ್ತದೆ. ಅದು ನಮ್ಮ ಕೈಗೆಟುಕುವುದು ಕಷ್ಟ.

ಈಗಾಗಲೇ ನಿವೃತ್ತರಾದವರು ದಯವಿಟ್ಟು ತಿಳಿಸಿ: ಯಾವ ಖರ್ಚು ನಿಜವಾಗಿ ಇಳಿಯಿತು, ಯಾವುದು ನೀವು ಎಣಿಸಿದ್ದಕ್ಕಿಂತ ಏರಿತು? ವೈದ್ಯಕೀಯ ವೆಚ್ಚಕ್ಕೆ ಬೇರೆಯೇ ಏರಿಕೆ ದರ ಹಿಡಿದಿರಾ?