ಪದಚರ್ಚೆ: ವಶಕ್ಕೆ, ದಸ್ತಗಿರಿ, ಮುಂಜಾಗ್ರತಾ ಬಂಧನ – ಕರಪತ್ರಕ್ಕೆ ಯಾವುದು ಸರಿ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಎನ್‌ಎಸ್‌ಎ (ರಾಷ್ಟ್ರೀಯ ಭದ್ರತಾ ಕಾಯ್ದೆ), ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಅಡಿ ಒಳಗಿರುವವರ ಮನೆಮಂದಿಗಾಗಿ ನಾಗರಿಕ ಹಕ್ಕುಗಳ ಗುಂಪೊಂದು ನಾಲ್ಕು ಪುಟದ ಕರಪತ್ರ ತರುತ್ತಿದೆ. ಕರಡಿನಲ್ಲಿ ಅರೆಸ್ಟ್, ಡಿಟೆನ್ಷನ್, ಕಸ್ಟಡಿ ಮೂರಕ್ಕೂ ‘ಬಂಧನ’ ಎಂದೇ ಇದೆ. ಡಿಫಾಲ್ಟ್ ಬೇಲ್‌ಗೆ (ಗಡುವಿನೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಕೇಳಬಹುದಾದ ಜಾಮೀನು) ‘ಸ್ವಯಂ ಜಾಮೀನು’, ರೆಪ್ರೆಸೆಂಟೇಷನ್‌ಗೆ (ಬಂಧನದ ಆದೇಶವನ್ನು ಆಕ್ಷೇಪಿಸಿ ಬರೆದುಕೊಡುವುದು) ‘ಮನವಿ’ ಎಂದು ಹಾಕಿದ್ದಾರೆ. ಓದಲು ಸಲೀಸಾಗಿದೆ. ಅಚ್ಚಿಗೆ ಕೊಡಬಹುದೇ? ಬಲ್ಲವರು ತಿಳಿಸಿ.

ಉತ್ತರ 1:

ಕೊಡಬೇಡಿ ಸರ್. ಮೂರಕ್ಕೂ ಒಂದೇ ಪದವಾದರೆ ಗಡುವುಗಳೆಲ್ಲ ಕಲಸಿಹೋಗುತ್ತವೆ.

ಅಪರಾಧದ ಆರೋಪ ಹೊರಿಸಿ ಹಿಡಿದರೆ ಅದು ದಸ್ತಗಿರಿ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಪೊಲೀಸರು ಬರೆಯುವ ದಸ್ತಗಿರಿ ಮೆಮೊದಲ್ಲಿ ದಿನಾಂಕ, ವೇಳೆ, ಒಬ್ಬ ಸಾಕ್ಷಿಯ ರುಜು ಇರಬೇಕು. 1996ರ ಡಿ.ಕೆ. ಬಸು ತೀರ್ಪಿನಿಂದ ಬಂದ ನಿಯಮವಿದು, ಈಗ ಬಿಎನ್‌ಎಸ್‌ಎಸ್‌ನ (ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 36ನೇ ಕಲಮಿನಲ್ಲಿದೆ. ಪತ್ರಿಕೆಗಳ ‘ವಶಕ್ಕೆ ಪಡೆದರು’ ಎಂಬ ಮಾತಿಗೆ ವೇಳೆಯೂ ಇಲ್ಲ, ಮೆಮೊವೂ ಇಲ್ಲ. ಬೆಳಗಿನ ಜಾವ ಐದಕ್ಕೆ ಎಬ್ಬಿಸಿಕೊಂಡು ಹೋಗಿ, ಮೆಮೊದಲ್ಲಿ ಮರುದಿನ ಸಂಜೆ ಆರು ಎಂದು ಬರೆದರೆ ನಡುವಿನ ಗಂಟೆಗಳು ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಕರಪತ್ರದಲ್ಲಿ ‘ವಶಕ್ಕೆ’ ಎಂಬುದನ್ನು ಕೈಬಿಟ್ಟು, ‘ಕರೆದುಕೊಂಡು ಹೋದ ಹೊತ್ತು ಬರೆದಿಡಿ, ಅದನ್ನು ಅಂದೇ ಎಸ್‌ಪಿ ಅಥವಾ ಕಮಿಷನರ್ ಕಚೇರಿಗೆ ಇಮೇಲ್ ಮಾಡಿ, ಮೊದಲ ಸಲ ಕೋರ್ಟಿಗೆ ಕರೆತಂದಾಗಲೇ ಮ್ಯಾಜಿಸ್ಟ್ರೇಟರಿಗೆ ಹೇಳಿ’ ಎಂದು ಬಿಡಿಸಿ ಬರೆಯಿರಿ.

ಇನ್ನು ‘ದಸ್ತಗಿರಿಯ ಕಾರಣ’. 2024ರ ಪ್ರಬೀರ್ ಪುರಕಾಯಸ್ಥ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರೀಸನ್ಸ್ ಬೇರೆ, ಗ್ರೌಂಡ್ಸ್ ಬೇರೆ ಎಂದು ಸ್ಪಷ್ಟವಾಗಿ ಹೇಳಿದೆ. ಸಾಕ್ಷ್ಯ ನಾಶವಾಗದಂತೆ, ತನಿಖೆ ಸರಿಯಾಗಿ ನಡೆಯುವಂತೆ ಎಂಬಂಥವು ಯಾರಿಗೆ ಬೇಕಾದರೂ ಹೊಂದುವ ಮಾಮೂಲಿ ಕಾರಣಗಳು. ಈ ವ್ಯಕ್ತಿಯನ್ನೇ ಏಕೆ ಹಿಡಿದರು ಎಂಬ ನಿರ್ದಿಷ್ಟ ಸಂಗತಿಗಳು ಗ್ರೌಂಡ್ಸ್. ಯುಎಪಿಎಯಲ್ಲಿ ಅವನ್ನು ಬರಹದಲ್ಲೇ ಕೊಡಬೇಕು. ಕನ್ನಡದಲ್ಲಿ ಎರಡಕ್ಕೂ ‘ಕಾರಣ’ ಎಂದರೆ ಮಾಮೂಲಿ ಸಾಲುಗಳಿರುವ ಹಾಳೆ ಕೈಗೆ ಬಂದಾಗ ಮನೆಯವರು ಅಷ್ಟಕ್ಕೇ ಸುಮ್ಮನಾಗುತ್ತಾರೆ. ‘ಆಧಾರಗಳು’ ಎಂದಿರಲಿ.

‘ಮುಂಜಾಗ್ರತಾ ಬಂಧನ’ ಇನ್ನೂ ತೊಡಕಿನದು. ಬಂದ್‌ನ ಹಿಂದಿನ ರಾತ್ರಿ ಕರೆದೊಯ್ದು ಮರುದಿನ ಬಿಡುವುದಕ್ಕೂ ಇದೇ ಮಾತು, ಎನ್‌ಎಸ್‌ಎಯಲ್ಲಿ 12 ತಿಂಗಳವರೆಗೆ ಇಡುವುದಕ್ಕೂ ಇದೇ ಮಾತು. ಮೊದಲನೆಯದು ಬಿಎನ್‌ಎಸ್‌ಎಸ್ 170, ಅದರ ಮಿತಿ 24 ಗಂಟೆ. ಎರಡನೆಯದರಲ್ಲಿ ಆರೋಪವೇ ಇರುವುದಿಲ್ಲ, ಹಾಗಾಗಿ ಜಾಮೀನೂ ಇಲ್ಲ. 24 ಗಂಟೆಯ ನಿಯಮವೂ ಅಲ್ಲಿ ನಡೆಯುವುದಿಲ್ಲ. ಇದು ತಿಳಿಯದೆ ಜಾಮೀನು ಅರ್ಜಿಗೆ ಹಣ ಕಳೆದುಕೊಂಡು, ತಕರಾರು ಸಲ್ಲಿಸುವ ದಿನಗಳನ್ನೂ ಕಳೆದುಕೊಳ್ಳುವವರಿದ್ದಾರೆ. ಸರ್ಕಾರಿ ಕನ್ನಡದ ‘ಸ್ಥಾನಬದ್ಧತೆ’ ಯಾರ ಬಾಯಲ್ಲೂ ಇಲ್ಲ. ‘ತಡೆಬಂಧನ’ ಆದೀತು ಎಂಬುದು ನನ್ನ ಸಲಹೆ. ಮೊದಲ ಸಲ ಬಳಸುವಾಗ ‘ಕೇಸಿಲ್ಲದೆ, ವಿಚಾರಣೆಯಿಲ್ಲದೆ ಇಡುವುದು’ ಎಂದು ಬಿಡಿಸಿ ಹೇಳಿ.

ರೆಪ್ರೆಸೆಂಟೇಷನ್‌ಗೆ ‘ಮನವಿ’ ಖಂಡಿತ ಬೇಡ. ಮನವಿ ಎಂದ ಕೂಡಲೇ ‘ಮನೆಯ ಪರಿಸ್ಥಿತಿ ಕಷ್ಟ, ದಯಮಾಡಿ ಬಿಡಿ’ ಎಂದು ಬರೆಯುತ್ತಾರೆ. ಇದು ಸಂವಿಧಾನದ 22(5)ನೇ ವಿಧಿ ಕೊಟ್ಟ ಹಕ್ಕು, ಕೃಪೆಯಲ್ಲ. ‘ತಕರಾರು ಅರ್ಜಿ’ ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತಿರುವ ಮಾತು. ಎನ್‌ಎಸ್‌ಎಯಲ್ಲಿ ಆದೇಶದ ಆಧಾರಗಳನ್ನು ಸಾಮಾನ್ಯವಾಗಿ 5 ದಿನದೊಳಗೆ ಕೊಡಬೇಕು, 3 ವಾರದೊಳಗೆ ವಿಷಯ ಸಲಹಾ ಮಂಡಳಿಗೆ (ಬಂಧನಕ್ಕೆ ಸಾಕಷ್ಟು ಕಾರಣವಿದೆಯೇ ಎಂದು ನೋಡುವ ಮಂಡಳಿ) ಹೋಗಬೇಕು, ಬಂಧನವಾಗಿ 7 ವಾರದೊಳಗೆ ಮಂಡಳಿ ವರದಿ ಕೊಡಬೇಕು. ತಕರಾರಿನ ನಾಲ್ಕು ಪ್ರತಿ ಮಾಡಿ: ಆದೇಶ ಮಾಡಿದ ಅಧಿಕಾರಿಗೆ, ರಾಜ್ಯ ಸರ್ಕಾರಕ್ಕೆ, ಕೇಂದ್ರ ಗೃಹ ಸಚಿವಾಲಯಕ್ಕೆ, ಸಲಹಾ ಮಂಡಳಿಗೆ. ಜೈಲು ಅಧೀಕ್ಷಕರ ಮೂಲಕ ಕೊಟ್ಟು ದಿನಾಂಕವಿರುವ ಸ್ವೀಕೃತಿ ಪಡೆಯಬೇಕು. ತಕರಾರನ್ನು ಸಕಾರಣವಿಲ್ಲದೆ ಕೊಳೆಹಾಕಿದರೆ ಆದೇಶವೇ ಬಿದ್ದುಹೋಗಬಹುದು. ಆದರೆ ಕೊಟ್ಟ ದಿನಕ್ಕೆ ಪುರಾವೆ ಇಲ್ಲದಿದ್ದರೆ ವಿಳಂಬವನ್ನು ತೋರಿಸುವುದು ಹೇಗೆ?

ನಮ್ಮಂಥ ಭಾಷೆಯವರಿಗೆ ರುಚಿಸುವ ಸಂಗತಿ ಒಂದಿದೆ. 1962ರ ಹರಿಕಿಸನ್ ಪ್ರಕರಣದಲ್ಲಿ ಇಂಗ್ಲಿಷ್ ಬಾರದವನಿಗೆ ಇಂಗ್ಲಿಷಿನಲ್ಲಿ ಆಧಾರಗಳನ್ನು ಕೊಟ್ಟಿದ್ದರು. ಹಿಂದಿಯಲ್ಲಿ ಕೊಡಿ ಎಂದು ಕೇಳಿದರೂ ಕೊಡಲಿಲ್ಲ. ಸುಪ್ರೀಂ ಕೋರ್ಟು ಬಂಧನವನ್ನೇ ಅಕ್ರಮ ಎಂದಿತು. ಓದಿ ಹೇಳಿದ್ದೇವೆ ಎಂಬ ಸಮಜಾಯಿಷಿಯೂ ಸಾಲದು ಎಂದು ಲಲ್ಲುಭಾಯಿ ಪಟೇಲ್ ಪ್ರಕರಣದಲ್ಲಿ ಹೇಳಿದೆ. ‘ತಿಳಿಯುವ ಭಾಷೆಯಲ್ಲಿ ಪ್ರತಿ ಕೊಡಿ’ ಎಂದು ಬರಹದಲ್ಲಿ ಕೇಳುವ ಮಾದರಿ ಸಾಲೊಂದು ಕರಪತ್ರದಲ್ಲಿರಲಿ.

‘ಸ್ವಯಂ ಜಾಮೀನು’ ತೆಗೆದುಬಿಡಿ. ತಾನಾಗಿ ಸಿಗುವುದಿಲ್ಲ. ಯುಎಪಿಎಯಲ್ಲಿ ಚಾರ್ಜ್‌ಶೀಟ್‌ಗೆ 90 ದಿನ, ಸರ್ಕಾರಿ ವಕೀಲರ ವರದಿ ಮೇಲೆ ಕೋರ್ಟು ಅದನ್ನು 180ರವರೆಗೆ ಹಿಗ್ಗಿಸಬಹುದು. ಮೊದಲ ರಿಮ್ಯಾಂಡಿನ (ಕೋರ್ಟು ಕಸ್ಟಡಿಗೆ ಒಪ್ಪಿಸಿದ) ದಿನವೂ ಲೆಕ್ಕಕ್ಕೆ ಸೇರುತ್ತದೆ. ಗಡುವು ದಾಟಿದ ಮೇಲೆ, ಚಾರ್ಜ್‌ಶೀಟ್ ಬರುವ ಮೊದಲೇ, ಅರ್ಜಿ ಹಾಕಬೇಕು. ಒಂದು ದಿನ ತಡೆದು ಹೋಗೋಣ ಎಂದು ಕೂತಾಗ ಚಾರ್ಜ್‌ಶೀಟ್ ಬಂದರೆ ಹಕ್ಕು ಕೈತಪ್ಪಿತು. ‘ಗಡುವು ಮೀರಿದ ಜಾಮೀನು’ ಎಂದರೆ ಗಡುವಿನತ್ತ ಕಣ್ಣಿರುತ್ತದೆ.

ಉತ್ತರ 2:

ಮೇಲಿನವರ ಮಾತು ಒಪ್ಪಿದೆ, ‘ತಡೆಬಂಧನ’ ಒಂದನ್ನು ಬಿಟ್ಟು. ಜನ ‘ಎನ್‌ಎಸ್‌ಎ ಹಾಕಿದಾರೆ’, ‘ಗೂಂಡಾ ಕಾಯ್ದೆ ಹಾಕಿದಾರೆ’ ಎನ್ನುತ್ತಾರೆ. ಹಿಂದೆ, ತುರ್ತು ಪರಿಸ್ಥಿತಿಯ ಕಾಲದ ಬಂಧನ ಕಾಯ್ದೆ ‘ಮೀಸಾ’ ಕೂಡ ಹೀಗೆಯೇ ಬಾಯಿಗೆ ಹತ್ತಿತ್ತು. ತಲೆಬರಹದಲ್ಲಿ ಅದನ್ನೇ ಇಡಿ. ದಸ್ತಗಿರಿ ಪದ ನಗರದ ಹುಡುಗರಿಗೆ ಹೊಸದು, ಒಂದು ಕಡೆ ‘ಅರೆಸ್ಟ್ ಅಂದರೆ ದಸ್ತಗಿರಿ’ ಎಂದು ಬರೆದರೆ ಸಾಕು.

ಇನ್ನೊಂದು ಪದ: ಸಲಹಾ ಮಂಡಳಿಯ ಮುಂದೆ ವಕೀಲರನ್ನು ಕರೆದೊಯ್ಯುವ ಹಕ್ಕಿಲ್ಲ. ಆದರೆ ವಕೀಲರಲ್ಲದ ‘ಫ್ರೆಂಡ್’ ಒಬ್ಬರ ನೆರವು ಪಡೆಯಬಹುದು ಎಂದು 1981ರ ಎ.ಕೆ. ರಾಯ್ ತೀರ್ಪು ಹೇಳುತ್ತದೆ. ಇದನ್ನು ‘ಗೆಳೆಯ’ ಎಂದರೆ ಅಣ್ಣನೋ ಅತ್ತಿಗೆಯೋ ತಮಗಲ್ಲ ಎಂದುಕೊಂಡಾರು. ‘ವಕೀಲರಲ್ಲದ ಸಹಾಯಕರು’ ಎಂದು ಬರೆಯಿರಿ. ಸಹಾಯಕರು ಬೇಕೆಂದು ಮಂಡಳಿಗೆ ಮೊದಲೇ ಬರೆದುಕೊಡಬೇಕು ಎಂಬುದನ್ನೂ ಪಕ್ಕದಲ್ಲೇ ಸೇರಿಸಿ.