ಸಹಾಯ ಬೇಕು: ವಾರಾಂತ್ಯದ ಸುತ್ತಾಟದಲ್ಲೂ ಸ್ಪ್ಯಾನಿಷ್ ಮಾತಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಸ್ಪೇನಿನ ಸಲಮಾಂಕಾದಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. 1218ರಿಂದ ವಿಶ್ವವಿದ್ಯಾಲಯ ಇರುವ ಊರು. ತರಗತಿಯಲ್ಲಿ ಪರವಾಗಿಲ್ಲ, ಕಷ್ಟ ಶುರುವಾಗುವುದೇ ಶನಿವಾರ.

ಕಳೆದ ವಾರ ಸಹಪಾಠಿಗಳ ಜೊತೆ ಆವಿಲಾಕ್ಕೆ ಹೋಗಿದ್ದೆ. ಸುಮಾರು 2.5 ಕಿಲೋಮೀಟರ್ ಉದ್ದದ ಹಳೇ ಕೋಟೆಗೋಡೆ. ಅದರ ಮೇಲೆ ನಡೆಯುವುದೇ ಒಂದು ಖುಷಿ! ಆದರೆ ಬಸ್ ಹತ್ತಿದ ತಕ್ಷಣ ಎಲ್ಲರೂ ಇಂಗ್ಲಿಷ್ ಶುರು ಮಾಡಿದರು. ಇಲ್ಲಿ ಗೆಳೆಯರ ಗುಂಪಿಗೆ 'ನೀವೆಲ್ಲ' ಅನ್ನಲು 'ವೊಸೋತ್ರೋಸ್' ಅನ್ನುತ್ತಾರೆ. ದಿನವಿಡೀ ಅದನ್ನು ಒಂದು ಸಲವೂ ಹೇಳಲಿಲ್ಲ. ತುಂಬಾ ಬೇಸರವಾಯಿತು. ಇಷ್ಟು ದೂರ ಬಂದಿದ್ದು ಮಾತಾಡೋಕೆ ಅಲ್ವಾ?

ಈ ಶನಿವಾರ ಸೆಗೋವಿಯಾಕ್ಕೆ ಹೊರಟಿದ್ದೇವೆ. ಗಾರೆ ಇಲ್ಲದೆ ಬರೀ ಕಲ್ಲು ಜೋಡಿಸಿ ರೋಮನ್ನರು ಕಟ್ಟಿದ ಮೇಲ್ಗಾಲುವೆ ನೋಡಲು. ಯಾರಿಗೂ ಬೇಜಾರಾಗದ ಹಾಗೆ ಎಲ್ಲರನ್ನೂ ಸ್ಪ್ಯಾನಿಷ್‌ನಲ್ಲಿ ಮಾತಾಡಿಸುವುದು ಹೇಗೆ? ಹೊರದೇಶದಲ್ಲಿ ಭಾಷೆ ಕಲಿತವರು ದಯವಿಟ್ಟು ಹೇಳಿ. ಶುಕ್ರವಾರದೊಳಗೆ ಸಿಕ್ಕರೆ ತುಂಬಾ ಉಪಕಾರ.