ವೈನಿ, ಹೊಸ ಬಾಗಿಲು ಈಗಲೇ ಬೇಡ

ವೈನಿ, ಬೆಳಿಗ್ಗೆ ನೀವು ಗ್ರೂಪಿನಲ್ಲಿ ಹಾಕಿದ್ದು ಈಗ ನೋಡಿದೆ. ಮಾಳಮಡ್ಡಿ ಮನೆಯ ತಲಬಾಗಿಲಿನಿಂದ ರಾತ್ರಿಯೆಲ್ಲ ಥಂಡಿ ಗಾಳಿ ಬರುತ್ತದೆ, ಒಳಗೆ ಬಾಣಂತಿ, ಕೂಸು ಇದ್ದಾರೆ, ಬಡಿಗ ಹೊಸ ಬಾಗಿಲೇ ಹಾಕಿಸಿ ಅಂದ, ಅಲ್ವಾ? ಟೈಪ್ ಮಾಡಿದರೆ ಮುಗಿಯುವುದಿಲ್ಲ, ಮಾತಾಡಿಯೇ ಹೇಳುತ್ತೇನೆ. ನಡುವೆ ಕುಕ್ಕರ್ ಸೀಟಿ ಹೊಡೆದರೆ ಅದು ನಮ್ಮದೇ.

ಹಳೇ ಸಾಗವಾನಿ ಕದ ಅದು, ಬಿಚ್ಚಿಸಬೇಡಿ. ಮೊದಲು ಕದವನ್ನು ಅರ್ಧ ತೆರೆದು, ಹಿಡಿಕೆ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಅಲ್ಲಾಡಿದರೆ ಬಿಜಾಗರಿ ಸಡಿಲಾಗಿದೆ. ಕದ ಜೋತು ಬಿದ್ದು ಮೇಲಿನ ಮೂಲೆ ಬಾಯಿ ಬಿಟ್ಟಿರುತ್ತದೆ. ಸ್ಕ್ರೂ ಸುಮ್ನೆ ತಿರುಗುತ್ತಿದ್ದರೆ, ತೂತಿಗೆ ಫೆವಿಕಾಲ್ ಹಚ್ಚಿದ ಎರಡು ಕಡ್ಡಿಪೆಟ್ಟಿಗೆ ಕಡ್ಡಿ ತುರುಕಿ, ಮದ್ದಿನ ತುದಿ ಮುರಿದು, ಒಣಗಿದ ಮೇಲೆ ಮತ್ತೆ ಬಿಗಿಸಿ. ಅರ್ಧ ಗಾಳಿ ಇದಕ್ಕೇ ನಿಂತರೂ ನಿಲ್ಲಬಹುದು.

ಆಮೇಲೆ ಸಂಜೆ ಮೂಡಗಾಳಿ ಬೀಸುವಾಗ ಫ್ಯಾನ್ ಬಂದ್ ಮಾಡಿ, ಬಾಗಿಲು ಹಾಕಿ, ಪರದೆ ಸರಿಸಿ, ಊದಿನಕಡ್ಡಿಯನ್ನು ಚೌಕಟ್ಟಿನ ಸುತ್ತ ನಿಧಾನಕ್ಕೆ ಒಯ್ಯಿರಿ. ಹೊಗೆ ಒಳಕ್ಕೆ ಬಾಗಿದ ಕಡೆ ಪೆನ್ಸಿಲ್ ಗುರುತು ಹಾಕಿ. ಅಲ್ಲಿಗಷ್ಟೇ ಸಂದಿ ಮುಚ್ಚುವ ಪಟ್ಟಿ ಸಾಕು.

ಸ್ಪಂಜಿನ ಟೇಪ್ ಅಗ್ಗ, ಆದರೆ ಬೇಗ ಚಪ್ಪಟೆಯಾಗುತ್ತದೆ. ಒಳಗೆ ಟೊಳ್ಳಿರುವ ರಬ್ಬರ್ ಪಟ್ಟಿ ತನ್ನಿ, ಸುಭಾಸ ರೋಡಿನ ಕಡೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ. ಕದ ಬಂದು ತಾಗುವ ಚೌಕಟ್ಟಿನ ಅಂಚನ್ನು ಒಣಬಟ್ಟೆಯಿಂದ ಒರೆಸಿ, ಎಳೆಯದೆ ಅಂಟಿಸಿ. ಎಳೆದು ಅಂಟಿಸಿದರೆ ಆಮೇಲೆ ಕುಗ್ಗಿ ತುದಿ ಬಿಡುತ್ತದೆ. ದಪ್ಪನೆಯದು ಮಾತ್ರ ಬೇಡ. ನಾನು ಹೋದ ವರ್ಷ ಡಿಸೆಂಬರಿನಲ್ಲಿ ಬಿಗಿಯಾಗಿ ಕೂರಲಿ ಅಂತ ದಪ್ಪಂದು ಹಚ್ಚಿದೆ. ಜುಲೈ ಜಡಿಮಳೆಗೆ ಕದ ಉಬ್ಬಿತು, ಚಿಲಕ ಬೀಳಲೇ ಇಲ್ಲ. ರಾತ್ರಿ ಹತ್ತು ಗಂಟೆಗೆ ಚಮಚದಿಂದ ಕಿತ್ತೆ. ಅಂಟಿನ ಕಲೆ ಇನ್ನೂ ಇದೆ!

ಇನ್ನು ಕೆಳಗಿನ ಸಂದಿ. ನಿಮ್ಮ ಹೊಸ್ತಿಲು ತುಳಿದು ತುಳಿದು ನಡುವೆ ಕುಳಿ ಬಿದ್ದಿದೆ. ಅಲ್ಲಿ ನೆಟ್ಟನೆ ರಬ್ಬರ್ ಕೂರುವುದಿಲ್ಲ, ಬ್ರಶ್ ಇರುವ ಅಲ್ಯೂಮಿನಿಯಂ ಪಟ್ಟಿಯೇ ಸರಿ. ಕದದ ಒಳಮೈಗೆ ಸ್ಕ್ರೂ ಹಾಕಿ, ಕೂದಲು ನೆಲಕ್ಕೆ ತಾಗಿದರೆ ಸಾಕು. ಹೊಸ್ತಿಲಿಗೆ ಮೊಳೆ ಹೊಡೆದರೆ ಅವ್ವ ರಂಪ ಮಾಡುತ್ತಾಳೆ, ಗೊತ್ತಲ್ಲ. ಪಟ್ಟಿ ಬರುವ ತನಕ ಹಳೇ ಕೌದಿ ತುಂಡನ್ನು ಉದ್ದ ಚೀಲದ ಹಾಗೆ ಹೊಲಿದು ಒಣ ಉಸುಕು ತುಂಬಿ ಇಡಿ. ಅಕ್ಕಿ ತುಂಬಬೇಡಿ, ಇಲಿ ಬರುತ್ತವೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ, ಅವ್ವನಿಗೂ ಕೇಳಿಸಿ. ಬಾಣಂತಿ ಕೋಣೆಯಲ್ಲಿ ಕೆಂಡದ ಶೇಗಡಿ ಇಡುತ್ತೀರಲ್ಲ, ಸಂದಿ ಎಲ್ಲ ಮುಚ್ಚಿದ ಮೇಲೆ ಅದು ಬೇಡವೇ ಬೇಡ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಹಾಗೇ ಅಡುಗೆಮನೆಯ ಹಿತ್ತಲ ಬಾಗಿಲಿನ ಕೆಳಗಿನ ಸಂದಿ ಮುಚ್ಚಬೇಡಿ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ, ಹೊರಹೋಗಲು ದಾರಿ ಇರಲಿ.

ಕೆಳಗಿನ ಬ್ರಶ್ ಪಟ್ಟಿ ನಾನೇ ತರುತ್ತೇನೆ, ಭಾನುವಾರ ಬರುತ್ತೇನೆ. ಅಗಲ ಅಳೆದು ಕಳಿಸಿ. ಕದದ್ದು ಮತ್ತೆ, ಚೌಕಟ್ಟಿನದಲ್ಲ.